ದೊಡ್ಡಕೋಣೆಯ ಕಪ್ಪು ಗಾಜು

ವಾಲ್ಯನೂಕು, ಮೊಲ್ಡೋವಾ
ಫೆಬ್ರವರಿಯ ಕೊನೆಯ ಭಾನುವಾರ

ಕೇಳಿರಿ, ಕೇಳಿರಿ! ಇಟಲಿಯ ಪಾದೋವಾ ನಗರದ ಉದ್ಯಾನದಲ್ಲಿ, ಆ ಉದ್ದನೆಯ ಕಲ್ಲುಬೆಂಚಿನ ಮೇಲೆ, ಒಡತಿಯರ ಮನೆಗಳಿಂದ ಅರ್ಧ ದಿನದ ಬಿಡುವು ಪಡೆದು ಸೂರ್ಯಕಾಂತಿ ಬೀಜ ಒಡೆಯುತ್ತ ಕೂತಿರುವ ನಮ್ಮೂರ ಹೆಣ್ಣುಮಕ್ಕಳೇ! ಸಿಪ್ಪೆ ಉಗುಳಿ, ಇತ್ತ ಕಿವಿಗೊಡಿ! ಲ್ಯೂಬಾ, ಪಕ್ಕದವಳ ಕಿವಿ ಕಚ್ಚಿದ್ದು ಸಾಕು. ನನ್ನ ಕಾಗದಗಳನ್ನು ನನ್ನ ಹೆಂಡತಿ ನಿಮಗೆಲ್ಲ ಓದಿ ಹೇಳುವುದು ನನಗೆ ಗೊತ್ತಿಲ್ಲದ್ದೇನಲ್ಲ. ಬೇಡವೆಂದವರಾರು? ಇದೋ, ಪರದೆ ಮೇಲೇಳುತ್ತಿದೆ!

ಪ್ರೀತಿಯ ರುಕ್ಸಾಂಡಾ, ಹೇಗಿದ್ದೀಯೆ? ಸೊಂಟದ ನೋವು ಇಳಿಯಿತೇ? ನೀನು ನೋಡಿಕೊಳ್ಳುವ ಮುದುಕಿ ಈಗಲೂ ನಿನ್ನನ್ನು ತನ್ನ ಸತ್ತ ತಂಗಿಯ ಹೆಸರಿನಿಂದಲೇ ಕರೆಯುತ್ತಾಳೆಯೇ? ಕರೆಯಲಿ ಬಿಡು, ಆ ಹೆಸರಿಗೆ ಓಗೊಡುವವರು ಇನ್ನು ಯಾರಿದ್ದಾರೆ. ಇಲ್ಲಿ ಹಿಮ ಇನ್ನೂ ಕರಗಿಲ್ಲ. ಮಧ್ಯಾಹ್ನವಾದರೆ ಊರೆಲ್ಲ ಹಾಲಿನಲ್ಲಿ ಅದ್ದಿದಂತೆ, ಚಿಮಣಿಗಳ ಹೊಗೆ ಮೇಲೇರಲೂ ಮರೆತು ನಿಂತಲ್ಲೇ ನಿಂತಂತೆ ಕಾಣುತ್ತದೆ. ನಮ್ಮ ಸ್ಮರಾಂಡಾ ಚೆನ್ನಾಗಿದ್ದಾಳೆ. ಮುಂದಿನ ಹಲ್ಲೊಂದು ಬಿದ್ದಿದೆ. ನಿನ್ನ ಅಮ್ಮ ಅಗಾಫಿಯಾ ನನಗಿಂತ ಗಟ್ಟಿಯಾಗಿದ್ದಾಳೆ. ಬೈಗುಳದಲ್ಲಂತೂ ಇಡೀ ಜಿಲ್ಲೆಗಿಂತ ಗಟ್ಟಿ.

ಈಗ ಕಥೆಗೆ ಬರುತ್ತೇನೆ. ಜಿಲ್ಲೆಯವರು ಹಳ್ಳಿಶಾಲೆಗಳ ಮಕ್ಕಳಿಗೆಲ್ಲ ಟ್ಯಾಬ್ಲೆಟ್ ಕೊಡುತ್ತಾರೆ, ಅದರ ಯೋಜನೆ ಬರೆಯುವ ಮುಖ್ಯೋಪಾಧ್ಯಾಯರಲ್ಲಿ ನಿನ್ನ ಗಂಡ ಸ್ಪಿರಿಡೋನನೂ ಒಬ್ಬ ಎಂದು ಬರೆದಿದ್ದೆನಲ್ಲ? ಎಲ್ಲ ಸುಸೂತ್ರವಾಗಿ ಸಾಗಿ ಒಂದೇ ಪ್ರಶ್ನೆಯಲ್ಲಿ ಗಾಡಿ ಹೂತುಕೊಂಡಿತು. ಸಂಜೆ ಶಾಲೆ ಬಿಟ್ಟ ಮೇಲೆ ಆ ಟ್ಯಾಬ್ಲೆಟ್‌ಗಳು ಎಲ್ಲಿರಬೇಕು? ಶಾಲೆಯ ಬೀರುವಿನಲ್ಲೋ, ಮಕ್ಕಳ ಮನೆಯಲ್ಲೋ? ನಾನು ಮೇಜು ಗುದ್ದಿ ಹೇಳಿದೆ: ಮನೆಯಲ್ಲಿ! ಈ ಊರಿನಲ್ಲಿ ಅರ್ಧ ಮಕ್ಕಳ ತಾಯಂದಿರು ಪಾದೋವಾದಲ್ಲಿ ಬೆಂಚಿನ ಮೇಲಿದ್ದಾರೆ. ಆ ಮಕ್ಕಳಿಗೆ ಲೆಕ್ಕ ಕಲಿಸುವ ಗಾಜು ತಾಯಿಯ ಮುಖವನ್ನೂ ತೋರಿಸಲಿ! ಜಿಲ್ಲಾ ಅಧಿಕಾರಿ ಶ್ರೀಮತಿ ಗ್ರೋಸು ಕನ್ನಡಕದ ಮೇಲಿಂದ ನೋಡಿ, "ನಾಟಕ ಆಮೇಲೆ ಮಾಡಿ ಸ್ವಾಮಿ. ಮೊದ್ಲು ಹತ್ತು ಮಕ್ಕಳ ಮನೆಗೆ ಕೊಟ್ಟು ನೋಡೋಣ" ಎಂದಳು. ಕೊಟ್ಟೆವು. ಆಹಾ, ಆವೊತ್ತು ನನ್ನ ಕಣ್ಣಿಗೆ ಕಟ್ಟಿದ ಕನಸೇನು! ಮಬ್ಬು ಕವಿಯುವ ಹೊತ್ತಿಗೆ ಒಂದೊಂದು ಕಿಟಕಿಯಲ್ಲೂ ಒಂದೊಂದು ನೀಲಿ ದೀಪ. ಕಣಿವೆಯೇ ಕೆರೆಯಾಗಿ, ನಕ್ಷತ್ರಗಳು ಅದರೊಳಗೆ ಇಳಿದು, ಪ್ರತಿಯೊಂದು ನಕ್ಷತ್ರದೊಳಗೂ ಒಬ್ಬೊಬ್ಬ ತಾಯಿ ಕೂತು ಮಗುವಿನ ಜಡೆ ಸರಿಯಿಲ್ಲವೆಂದು ಗದರುತ್ತಿದ್ದಾಳೆ.

ಗಡುವು ಮುಗಿದು ಟ್ಯಾಬ್ಲೆಟ್‌ಗಳು ಹಿಂದಿರುಗಿದವು. ಅಯ್ಯೋ ವಿಧಿಯೇ! ಹತ್ತರಲ್ಲಿ ಒಂಬತ್ತು ಟ್ಯಾಬ್ಲೆಟ್‌ಗಳು ಮದುವಣಗಿತ್ತಿಯರಂತೆ ಥಳಥಳ, ಕಸೂತಿಯ ಬಟ್ಟೆಯೊಳಗೆ, ಬೆರಳು ತಾಗಿದ ಗುರುತೇ ಇಲ್ಲದೆ. ಎಲ್ಲಿದ್ದವು ಗೊತ್ತೇ? ದೊಡ್ಡಕೋಣೆಯಲ್ಲಿ! ಮನೆಯ ಒಳ್ಳೆಯದೆಲ್ಲ ಎಲ್ಲಿರಬೇಕೋ ಅಲ್ಲಿ. ಒಲೆ ಹಚ್ಚದ, ಯಾರೂ ಕೂರದ ಆ ಕೋಣೆಯಲ್ಲಿ, ಸೂರಿನವರೆಗೆ ಪೇರಿಸಿದ ವರದಕ್ಷಿಣೆಯ ದಿಂಬುಗಳ ನೆತ್ತಿಯ ಮೇಲೆ! ಚಳಿಗೆ ಒಂದೊಂದರ ಬ್ಯಾಟರಿಯೂ ಸತ್ತಿತ್ತು. ನಿನ್ನ ಅಮ್ಮನನ್ನೇ ಕೇಳಿದೆ. "ಹೊಸಾದು ಕಣಪ್ಪಾ! ದಿನಾ ಮುಟ್ಟಿದ್ರೆ ಏನು ಉಳಿಯುತ್ತೆ? ಹುಡುಗಿ ಮದ್ವೆಗೆ ಇರ್ಲಿ ಅಂತ ಎತ್ತಿಟ್ಟೆ" ಎಂದಳು. ಶ್ರೀಮತಿ ಗ್ರೋಸು ಒಂದೊಂದು ಗಾಜನ್ನೂ ಬೆಳಕಿಗೆ ಹಿಡಿದು ನೋಡಿದಳು. "ನೋಡಿದ್ರಾ? ನಿಮ್ಮೂರೋರು ಇದನ್ನ ದೇವರಪಟ ಮಾಡ್ತಾರೆ. ಶಾಲೆಗೊಂದು ಬೀರು ಸಾಕು, ಬೀಗ ನಾನೇ ಕೊಡ್ತೀನಿ."

ಬೀಗವೆಂದರೆ ಮುಗಿಯಿತು, ರುಕ್ಸಾಂಡಾ. ನೀಲಿ ದೀಪಗಳೆಲ್ಲ ಆರಿದಂತೆ. ನಾನು ಬಿಡುವವನೇ? ಮೊನ್ನೆ ಶುಕ್ರವಾರ ಊರ ಅಜ್ಜಿಯರನ್ನೆಲ್ಲ ಸಂಸ್ಕೃತಿ ಭವನಕ್ಕೆ ಕರೆದೆ, ಶ್ರೀಮತಿ ಗ್ರೋಸುವನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ, ನಾನು ಎಷ್ಟೋ ಸಲ ರಾಜನಾಗಿ ಸತ್ತ ಅದೇ ರಂಗದ ಮೇಲೆ ನಿಂತೆ. ಒಂದು ಕೈಯಲ್ಲಿ ಜಿಲ್ಲೆಯ ಹೊಚ್ಚಹೊಸ ಟ್ಯಾಬ್ಲೆಟ್. ಇನ್ನೊಂದು ಕೈಯಿಂದ ಬಿಸಿ ಮಮಲಿಗಾ ಮುದ್ದೆ ಮುರಿದು, ಬೆಣ್ಣೆಯಲ್ಲಿ ಹೊರಳಿಸಿ, ಬಾಯಿಗೆ ಹಾಕಿ, ಅದೇ ಬೆರಳುಗಳನ್ನು ಗಾಜಿನ ಮೇಲೆ ಇಟ್ಟು ಉದ್ದಕ್ಕೂ ಎಳೆದೆ! ಭವನವೇ ಚೀರಿತು. "ಅಯ್ಯಯ್ಯೋ, ಹಾಳ್ ಮಾಡ್ಬಿಟ್ಟ!" "ಅಗಾಫಿಯಾ, ನಿನ್ನ ಅಳಿಯನಿಗೆ ಕೈ ತೊಳೆಯೋದು ಕಲಿಸಿಲ್ವೇನೇ?" ನಿನ್ನ ಅಮ್ಮ, "ಕಲಿಸೋಕೆ ಅವ್ನಿಗೆ ಬಾಯಿ ಮುಚ್ಚೋದು ಗೊತ್ತಿದ್ರೆ ತಾನೆ!" ಎಂದಳು. ನಾನು ಒಂದು ಹಳೆಯ ಚಿಂದಿಯಿಂದ ಗಾಜು ಒರೆಸಿ ಎತ್ತಿ ಹಿಡಿದೆ. ಅದು ಸುಖವಾಗಿ ಬೆಳಗುತ್ತಿತ್ತು. ಹಾಲಿನ ಚರಿಗೆಯನ್ನು ಬಳಸದೆ ಇಟ್ಟರೆ ತುಕ್ಕು ಹಿಡಿಯುವಂತೆ ಇದೂ ಬಳಸದಿದ್ದರೇ ಸಾಯುವುದು, ತಾಯಂದಿರೇ, ಎಂದೆ. ಆಮೇಲೆ ಒಬ್ಬೊಬ್ಬಳೂ ರಂಗಕ್ಕೆ ಬಂದು ಬೆರಳಿಟ್ಟಳು. ನಿನ್ನ ಅಮ್ಮ ಮೊದಲು ಬೆರಳನ್ನು ಲಂಗಕ್ಕೆ ಒರೆಸಿಕೊಂಡು, ಶಿಲುಬೆಯ ಗುರುತು ಮಾಡಿ, ಬಿಸಿ ಬಾಣಲೆ ಮುಟ್ಟುವಂತೆ ಮುಟ್ಟಿದಳು.

ಶ್ರೀಮತಿ ಗ್ರೋಸು ಕೊನೆಗೆ ನಕ್ಕಳು. ಈಸ್ಟರ್‌ವರೆಗೆ ಟ್ಯಾಬ್ಲೆಟ್‌ಗಳು ಮನೆಗೆ ಹೋಗಲಿ. ಆದರೆ ಒಲೆ ಉರಿಯುವ ಕೋಣೆಯಲ್ಲೇ ಇರಬೇಕು, ಹಿಂದಿರುಗುವಾಗ ಗಾಜು ಜಿಡ್ಡಾಗಿರಬೇಕು! ಒಂದೇ ಒಂದು ಮತ್ತೆ ದಿಂಬಿನ ಮೇಲೆ ಸಿಕ್ಕಿದರೂ ಇಡೀ ಜಿಲ್ಲೆಗೆ ಬೀಗ. ಹೆಣ್ಣುಮಕ್ಕಳೇ, ನಿಮ್ಮ ನಿಮ್ಮ ಅಮ್ಮಂದಿರಿಗೆ ಬೆಂಚಿನಿಂದಲೇ ಗದರಿಸಿ ಹೇಳಿ. ಚಪ್ಪಾಳೆ ಬೇಕಾದವರು ತಟ್ಟಬಹುದು.

ಈ ಕಾಗದ ನಾಳೆ ಬೆಳಕು ಹರಿಯುವ ಮೊದಲೇ ಊರ ವ್ಯಾನಿನಲ್ಲಿ ಹೊರಡುತ್ತದೆ, ಜೊತೆಗೆ ವಾಲ್ನಟ್ಟು, ಒಂದು ಸೀಸೆ ಉಪ್ಪಿನಕಾಯಿ, ಮಾರ್ಚ್ ಒಂದಕ್ಕೆ ಎದೆಗೆ ಸಿಕ್ಕಿಸಿಕೊಳ್ಳಲು ಸ್ಮರಾಂಡಾ ಹೊಸೆದ ಕೆಂಪು-ಬಿಳಿ ದಾರ. ಬೆಂಚಿನ ಎಲ್ಲರಿಗೂ ನಮಸ್ಕಾರ. ದೇವರು ನಿನ್ನ ಸೊಂಟವನ್ನೂ ಆ ಮುದುಕಿಯ ನಿದ್ದೆಯನ್ನೂ ಕಾಪಾಡಲಿ.

ನಿನ್ನ,
ಸ್ಪಿರಿಡೋನ

ಮರೆತಿದ್ದೆ: ಇದನ್ನು ಗಟ್ಟಿಯಾಗಿ ಓದಬೇಡ. ಕಾಗದ ಮಡಿಸಿ, ಮನೆಗೆ ಹೋಗಿ ಓದು. ಹತ್ತನೆಯ ಗಾಜೊಂದೇ ಬೆರಳಿನ ಗುರುತು ತುಂಬಿ ಜಿಡ್ಡಾಗಿ ಬಂದಿತ್ತು, ಅದು ನಮ್ಮ ಸ್ಮರಾಂಡಾಳದು. ಭಾನುವಾರ ಫೋನಿನಲ್ಲಿ ನೀನು "ಊಟ ಆಯ್ತಾ" ಎಂದರೆ "ಹೂಂ" ಎಂದು ನನ್ನ ಕೈಗೆ ಕೊಟ್ಟು ಓಡುತ್ತಾಳಲ್ಲ, ಅವಳು ದಿನಾ ಶಾಲೆಯಿಂದ ಬಂದವಳೇ ದೊಡ್ಡಕೋಣೆಗೆ ಹೋಗುತ್ತಿದ್ದಳು. ಒಂದು ದಿನ ಬಾಗಿಲ ಬಳಿ ನಿಂತು ನೋಡಿದೆ. ಕೋಟು, ಟೋಪಿ ಹಾಕಿಕೊಂಡು ನಿನ್ನ ದಿಂಬುಗಳಿಗೆ ಒರಗಿ ಕೂತಿದ್ದಳು. ಅಲ್ಲಿ ಕೂಡಿಟ್ಟ ಕ್ವಿನ್ಸ್ ಹಣ್ಣಿನ ವಾಸನೆ, ಹಿಮದ ಬೆಳಕು, ಬಾಯಿಂದ ಹೊರಡುವ ಉಸಿರಿನ ಸಣ್ಣ ಮೋಡ. ಬ್ಯಾಟರಿ ಸತ್ತ ಆ ಕಪ್ಪು ಗಾಜಿಗೆ ಬಿದ್ದ ಹಲ್ಲಿನ ಕಥೆ, ಕರುವಿನ ಕಥೆ, ಅಜ್ಜಿ ಬೈದ ಕಥೆ ಎಲ್ಲ ಹೇಳಿದಳು. ಮುಗಿದ ಮೇಲೆ, "ಅಮ್ಮಾ, ಈಗ ನೀನು ಹೇಳು" ಎಂದಳು. ಹೇಳಿ, ಕಾದಳು. ತುಂಬ ಹೊತ್ತು ಕಾದಳು, ರುಕ್ಸಾಂಡಾ. ಅಡುಗೆಮನೆಗೆ ಬಾ ಎಂದರೆ ಒಲ್ಲಳು. ನೀನು ಆ ಕೋಣೆಯಲ್ಲೇ ಇದ್ದೀಯೆ ಅನ್ನುತ್ತಾಳೆ. ಅದಕ್ಕೇ ನಿನ್ನ ಅಮ್ಮ ಎಷ್ಟೇ ಕೂಗಾಡಲಿ, ಆ ಗಾಜಿಗೆ ಜೀವ ಬರಲೆಂದು ಅಲ್ಲಿಗೆ ಕರೆಂಟಿನ ತಂತಿ ಎಳೆಸಿದ್ದೇನೆ. ಗೋಡೆಗಳು ಬೆಚ್ಚಗಾಗಲು ಒಂದೆರಡು ದಿನ ಬೇಕು. ಅಷ್ಟರಲ್ಲಿ ಕಾಗದ ನಿನಗೆ ಮುಟ್ಟಿರುತ್ತದೆ. ಮುಟ್ಟಿದ ಸಂಜೆ ನನ್ನ ಫೋನಿಗಲ್ಲ, ಆ ಗಾಜಿಗೇ ಕರೆ ಮಾಡು. ಊಟ ಆಯಿತೇ ಎಂದು ಕೇಳಬೇಡ. ಸುಮ್ಮನೆ ಕೇಳಿಸಿಕೊಂಡು, ಅವಳು "ಈಗ ನೀನು ಹೇಳು" ಎಂದಾಗ ಹೇಳು. ನಾಳೆ ಬೆಳಿಗ್ಗೆ, ವ್ಯಾನು ಕಣ್ಮರೆಯಾದ ಕೂಡಲೇ, ನಾನು ನಿನ್ನ ದೊಡ್ಡಕೋಣೆಯಲ್ಲಿ ಒಲೆ ಹಚ್ಚುತ್ತೇನೆ.