ಸೂಜಿಗುಡ್ಡ ಹತ್ತದ ತಾತನಿಗೆ

ಬಟ್ಟಲಗುಂಡು,
ಇಸವಿ ೨೨೦೭, ಎರಡನೇ ಬೇಸಿಗೆಯ ಹದಿನೇಳನೇ ದಿನ

ಆರು ತಲೆಮಾರಿನ ಹಿಂದಿನ ತಾತ ಚಿಕ್ಕವೆಂಕಟಪ್ಪನವರಿಗೆ ನೀಲಗಂಗೆಯ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮಗೀಗ ವರ್ಷಕ್ಕೆ ಎರಡು ಬೇಸಿಗೆ. ನನ್ನ ಕನ್ನಡ ಒರಟಾಗಿ ಕಂಡರೆ ಕ್ಷಮಿಸಿ. ಹಳೆಯ ಕಾಗದಗಳನ್ನು ಓದಿ ಓದಿ ನಿಮ್ಮ ಹಾಗೆ ಬರೆಯಲು ಕಲಿತಿದ್ದೇನೆ.

ನನ್ನ ಕೆಲಸವೂ ನಿಮ್ಮದೇ, ಗವಿಯ ಬಾವಲಿಗಳ ಗಣತಿ. ಹೆಬ್ಬೆರಳಿನಷ್ಟು ಮೈ, ಎಲೆಯಂತೆ ಮಡಿಸಿದ ಮೂಗು, ಅದೇ ಕಂದು ಬಾವಲಿ. ನೀವು ಮಾಡುತ್ತಿದ್ದಂತೆಯೇ ಗವಿಯೊಳಗೆ ಬಿಳಿ ಪಂಚೆ ಹಾಸಿ ಬರುತ್ತೇನೆ. ಮರುದಿನ ಅದರ ಮೇಲೆ ಹಿಕ್ಕೆ ಬಿದ್ದಿದ್ದರೆ 'ಇವೆ' ಎಂದು ಬರೆಯುತ್ತೇನೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ 'ನೆರಳುಹೊತ್ತು', ಯಾರೂ ಬಿಸಿಲಿಗೆ ಬರುವಂತಿಲ್ಲ. ಒಂಬತ್ತರೊಳಗೆ ಎರಡು ಕೊಡ ನೀರು ಹೊತ್ತು ಗುಡ್ಡ ಹತ್ತಿ, ಗವಿಯ ಗೋಡೆಗೆ ಎರಚಿ ಇಳಿಯಬೇಕು. ಬಟ್ಟಲಗುಂಡಿನ ಗವಿ ಆಳವಿಲ್ಲ, ಬಂಡೆ ಕಾದರೆ ಒಳಗೂ ಒಲೆ. ತೇವವಿಲ್ಲದೆ ಅವು ಬದುಕುವುದಿಲ್ಲ. ಹೋದ ತಿಂಗಳು ಸಂಜೆ ಹೊರಗೆ ಹಾರುವಾಗ ಎಣಿಸಿದೆ, ಹನ್ನೊಂದು ಇದ್ದವು. ಲೋಕದಲ್ಲಿ ಬೇರೆಲ್ಲೂ ಇಲ್ಲ.

ಹಿಂದೆ ಇದ್ದವು, ಎದುರಿನ ಸೂಜಿಗುಡ್ಡದಲ್ಲಿ. ನಿಮ್ಮ ಗಣತಿ ಹಾಳೆಯಲ್ಲಿ ನಿಮ್ಮದೇ ಅಕ್ಷರ: "ಸೂಜಿಗುಡ್ಡದ ಗವಿ, ಬಾವಲಿ ಇಲ್ಲ." ಆ ಒಂದು ಸಾಲು ನಂಬಿ ಗುಡ್ಡವನ್ನು ಕಲ್ಲು ಕ್ವಾರಿಗೆ ಕೊಟ್ಟರು. ಒಡೆದ ಮೇಲೆ ಗೊತ್ತಾಯಿತು, ಒಳಗೆ ಆಳದ ತಂಪು ಗವಿ, ನೆಲದಲ್ಲಿ ಮೊಳದಷ್ಟು ದಪ್ಪ ಹಿಕ್ಕೆ, ಮೇಲಿನ ಪದರ ಇನ್ನೂ ಹಸಿ. ಮುಪ್ಪಿನಲ್ಲಿ ನೀವು ಮಗಳಿಗೆ ಹೇಳಿದ ಮಾತು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿದೆ: "ಮಂಡಿ ನೋಯ್ತಾ ಇತ್ತಮ್ಮ, ನಾನು ಹತ್ತಲೇ ಇಲ್ಲ. ಹೊಂಗೆಮರದ ಕೆಳಗೆ ಕೂತು ಬರೆದ್ಬಿಟ್ಟೆ."

ಬಹಳ ವರ್ಷ ನಿಮ್ಮ ಮೇಲೆ ಕೋಪವಿತ್ತು. ಈಗ ನನಗೂ ಐವತ್ತೆಂಟು. ಮಂಡಿ ನಿಮ್ಮದೇ ಬಳುವಳಿ. ಸಾಕಾಗಿದೆ ತಾತ. ನಿನ್ನೆ ಹಾಸಿದ ಪಂಚೆ ಮೇಲೆ ಗವಿಯಲ್ಲೇ ಇದೆ, ಹಾಳೆ ನನ್ನ ತೊಡೆಯ ಮೇಲಿದೆ. ಮೂರು ಸಂಜೆಯಿಂದ ಗವಿಯ ಬಾಯಲ್ಲಿ ಒಂದೂ ಹಾರಿದ್ದನ್ನು ಯಾರೂ ಕಂಡಿಲ್ಲ. 'ಇಲ್ಲ' ಎಂದು ಇಲ್ಲೇ ಕೂತು ಬರೆದರೆ ಕೇಳುವವರಿಲ್ಲ, ನಾಳೆಯಿಂದ ನೀರು ಹೊರುವುದೂ ತಪ್ಪುತ್ತದೆ.

ನೀವು ಹೊಂಗೆಮರದ ಕೆಳಗೆ ಕೂತ ಆ ದಿನಕ್ಕೆ ಮುಂಚೆ ಈ ಕಾಗದ ನಿಮ್ಮ ಕೈ ಸೇರಿದರೆ ಒಂದೇ ಬೇಡಿಕೆ. ಮಂಡಿಗೆ ಎಣ್ಣೆ ತಿಕ್ಕಿಕೊಳ್ಳಿ, ಒಂದು ದಿನ ತಡವಾದರೂ ಸರಿ, ಹತ್ತಿ ನೋಡಿ ಬರೆಯಿರಿ.

ನನ್ನ ಹಾಳೆ ಇನ್ನೂ ಖಾಲಿಯಿದೆ. ಏಳು ಗಂಟೆಯಾಯಿತು, ನೆರಳುಹೊತ್ತಿಗೆ ಎರಡು ಗಂಟೆ ಉಳಿದಿದೆ. ಕೊಡ ತುಂಬಿಕೊಂಡು ಹೊರಡುತ್ತೇನೆ.