ಐದನೆಯ ಗುಂಡಿ

ಸ್ಟೋ,
೬ ಮಾರ್ಚ್ ೨೦೨೪

ಪ್ರೀತಿಯ ಟೊರುನ್,

ಅಪ್ಪನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ, ಮಂಡಿ ಚೆನ್ನಾಗಿಲ್ಲ. ಕ್ರಿಸ್‌ಮಸ್‌ಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ತಡವಾಯಿತು, ಬೈದುಕೋ. ಎರಡು ತಿಂಗಳಿಂದ ಕೈತುಂಬ ಒಂದೋ ಗೋಂದು, ಇಲ್ಲವೇ ವಾರ್ನಿಷ್. ಫೋನಿನಲ್ಲಿ ಹೇಳೋಣವೆಂದರೆ ಎರಡನೆಯ ಮಾತಿಗೆ ನಾನು ಕಿರುಚುತ್ತೇನೆ, ಮೂರನೆಯದಕ್ಕೆ ನೀನು ಇಟ್ಟುಬಿಡುತ್ತೀ. ಏಳನೆಯ ತರಗತಿಗೆ ಶಾಲೆ ಬಿಟ್ಟವನ ಬರವಣಿಗೆ ಇದು. ನೀನು ಟೀಚರು, ಕೆಂಪು ಪೆನ್ನು ದೂರ ಇಡು.

ವಿಷಯ ಇಷ್ಟೇ. ನಿನ್ನಮ್ಮನ ರೇಡಿಯೋ ಶುಕ್ರವಾರದ ಹಡಗಿನಲ್ಲಿ ನಿನ್ನೂರು ಬೋಡೋಗೆ ಬರುತ್ತಿದೆ. ನೀನು ಬೇಡವೆಂದದ್ದು ನೆನಪಿದೆ. "ಅಪ್ಪಾ, ಆ ಪೆಟ್ಟಿಗೆ ನನ್ ಮನೆ ಹೊಸ್ತಿಲು ದಾಟ್ಬಾರ್ದು. ಒಡೆದು ಒಲೆಗೆ ಹಾಕು," ಎಂದೆ. ಒಡೆಯಲಿಲ್ಲ. ನಾನು ಹೋದಮೇಲೆ ಯಾರು ಬೇಕಾದರೂ ಒಡೆಯಲಿ. ನಾನಿರುವಾಗ ನೀನು ಒಂದು ಸಲ ಅದರ ಮುಂದೆ ಕೂರಬೇಕು.

ನಿನ್ನಮ್ಮ ಹೋದಮೇಲೆ ಅದನ್ನು ದೋಣಿಮನೆಯಲ್ಲಿ ಬಲೆಗಳ ಹಿಂದೆ ಇಟ್ಟಿದ್ದೆ. ಉಪ್ಪುಗಾಳಿ ಒಳಗಿನದನ್ನೆಲ್ಲ ತಿಂದುಹಾಕಿತ್ತು. ಕರಾವಳಿ ರೇಡಿಯೋ ಕೇಂದ್ರದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ಬೋರ್ಗಿಲ್ಡ್ ಗೊತ್ತಲ್ಲ, ಪಕ್ಕದ ಹಳದಿ ಮನೆಯವಳು? ಅವಳನ್ನು ಕರೆದು ತೋರಿಸಿದೆ. ಹಿಂದಿನ ಹಲಗೆ ಬಿಚ್ಚಿ ಬಗ್ಗಿ ನೋಡಿದಳು.

"ಇಂಗ್ವಾಲ್ಡ್, ಇದ್ರಲ್ಲಿ ಜೀವ ಇರೋದು ಒಂದೇ. ಜೇಡ."

"ರಿಪೇರಿ ಮಾಡ್ತೀಯೋ ಇಲ್ವೋ ಹೇಳು."

"ಮಾಡಿ? ಹಿಡಿಯೋಕೆ ಗಾಳೀಲಿ ಏನಿದೆಯಯ್ಯಾ ಈಗ? ಆ ಕೇಂದ್ರಗಳೆಲ್ಲ ಮುಚ್ಚಿ ಎಷ್ಟು ಕಾಲ ಆಯ್ತು!"

ಮಾತು ನಿಜ. ಹಾಗಾಗಿ ಒಳಗಿನದನ್ನೆಲ್ಲ ತೆಗೆದೆವು. ಈಗ ಅಲ್ಲಿರುವುದು ಒಣರೊಟ್ಟಿಯಷ್ಟು ಅಗಲದ ಒಂದು ಎಲೆಕ್ಟ್ರಾನಿಕ್ ಹಲಗೆ. ನಿನ್ನ ಮನೆಯ ಇಂಟರ್‌ನೆಟ್‌ನಿಂದ ಲೋಕದ ರೇಡಿಯೋಗಳನ್ನೆಲ್ಲ ಎಳೆದು ತರುತ್ತದೆ. ಹಳೆಯದರಲ್ಲಿ ಸ್ಪೀಕರ್ ಉಳಿದಿದೆ, ಊರುಗಳ ಹೆಸರು ಬರೆದ ಗಾಜು ಉಳಿದಿದೆ, ಪಿಯಾನೋದಂಥ ಐದು ಬಿಳಿ ಗುಂಡಿಗಳೂ ಉಳಿದಿವೆ. ಮರದ ಕೆಲಸ ಪೂರ್ತಿ ನನ್ನದು. ಎದ್ದುಬಂದಿದ್ದ ತೆಳು ಹಲಗೆಯನ್ನು ಅಂಟಿಸಿ, ಉಜ್ಜಿ, ಆರು ಸಲ ವಾರ್ನಿಷ್ ಹಚ್ಚಿದ್ದೇನೆ. ಬೋಡೋದಲ್ಲಿ ಯಾವ ಬಡಗಿಯನ್ನಾದರೂ ಕರೆದು ತೋರಿಸು, ಒಂದು ಕುಂದು ಹೇಳಲಿ ನೋಡೋಣ.

ಗಾಜಿನ ಮೇಲೆ ಊರು ತೋರಿಸುವ ಮುಳ್ಳನ್ನು ಎಳೆಯುವ ದಾರ ಕೊಳೆತುಹೋಗಿತ್ತು. ಅಂಗಡಿಯ ದಾರ ನನಗೆ ಬೇಡ. ಗಾಳದ ನೈಲಾನ್ ದಾರವನ್ನೇ ಹಾಕಿದೆ. ಆದರೆ ರಾಟೆಗೆ ಉಲ್ಟಾ ಸುತ್ತಿಬಿಟ್ಟಿದ್ದೆ. ತಿರುಪನ್ನು ಬಲಕ್ಕೆ ತಿರುಗಿಸಿದರೆ ಮುಳ್ಳು ಎಡಕ್ಕೆ ಓಡಿತು.

"ಐವತ್ತು ವರ್ಷ ಗಾಳ ಕಟ್ದೋನಿಗೆ ಒಂದು ದಾರ ಸುತ್ತೋಕೆ ಬರಲ್ವಲ್ಲಯ್ಯಾ!" ಎಂದು ಬೋರ್ಗಿಲ್ಡ್ ನಕ್ಕಳು.

ಸ್ಕ್ರೂಡ್ರೈವರ್ ಎಸೆದೆ. ಕಾಫಿ ಪಾತ್ರೆಗೆ ಬಿತ್ತು. ಅವಳು ಅದನ್ನು ಹೆಕ್ಕಿ, ಒರೆಸಿ, ನನ್ನ ಕೈಗೇ ಕೊಟ್ಟು "ಹೂಂ, ಮತ್ತೆ ಸುತ್ತು" ಎಂದಳು. ಸುತ್ತಿದೆ. ಈಗ ಮುಳ್ಳನ್ನು ಹಿಲ್ವರ್ಸಮ್‌ಗೆ ತಂದರೆ ಡಚ್ಚರು ಮಾತಾಡುತ್ತಾರೆ, ಲಾಹ್ತಿಗೆ ತಂದರೆ ಫಿನ್‌ಲ್ಯಾಂಡಿನವರು. ಹಿಂದಿನಂತೆ ಕರಕರ ಇಲ್ಲ, ಶಿಳ್ಳೆ ಇಲ್ಲ. ಪಕ್ಕದ ಕೋಣೆಯಲ್ಲೇ ಕೂತು ಹಾಡಿದ ಹಾಗೆ ಬರುತ್ತದೆ.

ನಾಲ್ಕು ಗುಂಡಿಗೆ ನಾಲ್ಕು ಕೆಲಸ ಹಚ್ಚಿದ್ದಾಯಿತು: ಸುದ್ದಿ, ಸಂಗೀತ, ಹವಾಮಾನ, ಊರುಗಳು. ಐದನೆಯದರ ಮೇಲೆ 'ಮೀನುಗಾರರ ತರಂಗ' ಎಂದಿದೆ. ಆ ಕಾಲದಲ್ಲಿ ಅದನ್ನು ಒತ್ತಿದರೆ ದೋಣಿಯವರು ತಮ್ಮತಮ್ಮಲ್ಲಿ ಆಡಿಕೊಳ್ಳುವುದೆಲ್ಲ ಅಡುಗೆಮನೆಯಲ್ಲಿ ಕೇಳುತ್ತಿತ್ತು, ಆದರೆ ಅಡುಗೆಮನೆಯಿಂದ ಒಂದು ಮಾತೂ ದೋಣಿಗೆ ಹೋಗುತ್ತಿರಲಿಲ್ಲ. ನಿನ್ನಮ್ಮ ಆ ಪೆಟ್ಟಿಗೆಗೇ ಬೈಯುತ್ತಿದ್ದಳು, ಅದೇ ನಾನು ಎಂಬಂತೆ.

"ಈ ಗುಂಡಿಗೇನು ಹಾಕ್ಲಿ?" ಎಂದು ಬೋರ್ಗಿಲ್ಡ್ ಕೇಳಿದಳು.

"ಏನೂ ಬೇಡ."

"ಏನೂ ಬೇಡ ಅಂದ್ರೆ ಆಯ್ತಾ? ಆವತ್ತು ಕೇಂದ್ರದಲ್ಲಿ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೂತಿದ್ದೋಳು ನಾನು. ನಂಗೂ ಕೇಳಿಸಿತ್ತು, ಇಂಗ್ವಾಲ್ಡ್."

ಹೊರಗೆ ಹೋಗು ಎಂದು ಕೂಗಿದೆ. ಹೋದಳು. ಮರುದಿನ ಕಾಡ್ ಮೀನಿನ ಮೊಟ್ಟೆ ಬೇಯಿಸಿಕೊಂಡು ತಾನಾಗಿಯೇ ಬಂದಳು. ಆಮೇಲೆ ಅವಳು ಹೇಳಿದಂತೆ ಮಾಡಿದೆ.

ಪೆಟ್ಟಿಗೆಯನ್ನು ನನ್ನ ಉಣ್ಣೆಯ ಕಂಬಳಿಯಲ್ಲಿ ಸುತ್ತಿದ್ದೇನೆ. ಇಂಟರ್‌ನೆಟ್ ಜೋಡಿಸುವ ಬಗೆಯನ್ನು ಬೋರ್ಗಿಲ್ಡ್ ಚೀಟಿಯಲ್ಲಿ ಬರೆದಿದ್ದಾಳೆ, ಒಳಗಿದೆ. ಸಮುದ್ರ ಕಾಣದ ಬೀದಿಯನ್ನೇ ಹುಡುಕಿ ಮನೆ ಮಾಡಿದವಳು ನೀನು. ಅಲ್ಲಿ ಈ ಪೆಟ್ಟಿಗೆಗೆ ಒಂದು ಮೂಲೆ ಕೊಡು. ಆರೋಗ್ಯ ನೋಡಿಕೋ, ಬೆಚ್ಚಗಿರು. ನಿನಗೆ ಒಳ್ಳೆಯದೇ ಆಗಲಿ, ನನ್ನ ಸಿಟ್ಟೊಂದು ಬಿಟ್ಟು ನನ್ನದೆಲ್ಲ ನಿನಗಿರಲಿ.

ನಿನ್ನ ಅಪ್ಪ,
ಇಂಗ್ವಾಲ್ಡ್

ಮರೆತದ್ದು: ಹಾಗೆಂದು ಬರೆದೆ, ಆದರೆ ಮರೆತಿರಲಿಲ್ಲ. ೧೯೮೧ರ ಫೆಬ್ರವರಿ. ನಿನಗೆ ಹದಿನೈದು. ಎರಡು ಬೇಸಿಗೆ ನನ್ನ ಜೊತೆ ದೋಣಿಗೆ ಬಂದಿದ್ದೆ. ಪಕ್ಕದ ದೋಣಿಯವನು ಮೈಕಿನಲ್ಲಿ "ಈ ಸಲ ಮಗಳನ್ನ ಕರ್ಕೊಂಡ್ ಬರಲ್ವೇನೋ?" ಎಂದು ಕೇಳಿದ. "ಹೆಣ್ಣು ದೋಣಿಗೆ ದಂಡ ಕಣೋ. ಗಂಡೊಂದು ಹುಟ್ಟಿದ್ರೆ ನಂಗ್ಯಾಕೆ ಈ ಗತಿ," ಎಂದೆ. ನಾಲ್ಕು ಗಂಡಸರು ನಗಲಿ ಎಂದು ಆಡಿದ ಮಾತು. ಸಂಜೆ ಐದಕ್ಕೆ ಈ ತೀರದ ಅಡುಗೆಮನೆಗಳೆಲ್ಲ ಕಿವಿ ತೆರೆದು ಕೂತಿರುತ್ತವೆ ಎಂಬುದು ಆಗ ತಲೆಯಲ್ಲಿರಲಿಲ್ಲ. ಮನೆಗೆ ಬಂದಾಗ ರೇಡಿಯೋದ ಮುಳ್ಳು ಮೋಟಾಲಾ ಎಂಬ ಯಾವುದೋ ಪರದೇಶದ ಊರಿನ ಮೇಲಿತ್ತು. ಮೀನಿನ ಕಾಲದಲ್ಲಿ ನಿನ್ನಮ್ಮ ಮುಳ್ಳನ್ನು ದೋಣಿಯವರ ದನಿ ಬರುವ ಜಾಗದಿಂದ ಒಂದು ಕೂದಲಿನಷ್ಟೂ ಅಲ್ಲಾಡಿಸುತ್ತಿರಲಿಲ್ಲ. ಆಗಲೇ ತಿಳಿಯಿತು, ತಿರುಗಿಸಿದವಳು ನೀನು, ನನ್ನ ಮಾತು ಕೇಳಿದ್ದೀ ಎಂದು. ತಿಳಿಯದವನಂತೆ ಊಟಕ್ಕೆ ಕೂತೆ. ಇಷ್ಟು ವರ್ಷವೂ ಹಾಗೇ ಕೂತಿದ್ದೇನೆ.

ಐದನೆಯ ಗುಂಡಿ ಒತ್ತಿದರೆ ನನ್ನ ದನಿ ಬರುತ್ತದೆ, ಬೋರ್ಗಿಲ್ಡ್ ಹೇಳಿದಂತೆ ಮಾತಾಡಿ ಅದರೊಳಗೆ ತುಂಬಿಸಿದ್ದು. ಏನು ಹೇಳಿದ್ದೇನೆ ಎಂದು ಇಲ್ಲಿ ಬರೆಯುವುದಿಲ್ಲ. ಬಾಯಲ್ಲಿ ಆಡಿದ್ದನ್ನು ಬಾಯಲ್ಲೇ ವಾಪಸು ತೆಗೆದುಕೊಳ್ಳಬೇಕು. ಆವತ್ತು ನಿನಗೆ ತಿರುಗಿ ಬೈಯುವ ದಾರಿ ಇರಲಿಲ್ಲ. ಈಗ ಇದೆ. ಶನಿವಾರ ಸಂಜೆ ಐದಕ್ಕೆ ಫೋನಿನ ಪಕ್ಕ ಕೂತಿರುತ್ತೇನೆ. ಎಷ್ಟು ಬೇಕಾದರೂ ಬೈ, ಈ ಸಲ ಕಿರುಚುವುದಿಲ್ಲ.