ಜೇನೋಮದ ಎರಡನೇ ಪುಟ

ಗಣಿಮೆಟ್ಟಿಲು ಊರು,
ಫೆಬ್ರುವರಿ ಮೂವತ್ತು, ೨೨೩೧

ಇನ್ನೂರು ವರ್ಷ ಹಿಂದಿರುವ ಬಂಧುಗಳಿಗೆ ಪಂಪಣ್ಣನ ನಮಸ್ಕಾರಗಳು.

ಬೀ ಬಾಮ್ ಗಿಡಕ್ಕೆ ವಾಸನೆ ಬಿಡುವುದನ್ನು ಕಲಿಸಿದವನು ನಾನೇ. ಅಲ್ಲಿಯವರೆಗೆ ಅದು ಸುಮ್ಮನೆ ಹುಲ್ಲಿನಂತೆ ನಿಂತಿತ್ತು. ನಮ್ಮೂರಲ್ಲಿ ಇದನ್ನು ಯಾರೂ ನಂಬುವುದಿಲ್ಲ. ನೀವು ದೂರದವರು, ನಂಬಬಹುದು. ತಾರೀಖು ವಿಚಿತ್ರ ಕಂಡರೆ ಕ್ಷಮಿಸಿ, ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಕೆಲವು ಮಾತುಗಳೂ ನಿಮಗೆ ಒಗ್ಗಲಿಕ್ಕಿಲ್ಲ. ಆ ಗಿಡವನ್ನು ನಾವು ಜೇನೋಮ ಎನ್ನುತ್ತೇವೆ. ಹೂವು ಜೇನಿಗೆ; ಎಲೆ ಉಜ್ಜಿದರೆ ಓಮಕಾಳಿನ ಘಾಟು.

ನೀವು ಅದಿರು ಅಗೆದು ಬಿಟ್ಟ ಗುಂಡಿಗಳ ಮೆಟ್ಟಿಲುಗಳಲ್ಲೇ ನಮ್ಮ ಹೊಲ. ಬೇರೆ ಹೂವು ಇಲ್ಲಿ ಏಳುವುದಿಲ್ಲ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಹತ್ತುವ ನುಸಿಗೆ ಜೇನೋಮದ ಎಣ್ಣೆಯೊಂದೇ ಮದ್ದು. ಬಟ್ಟೆಯ ಪಟ್ಟಿಗೆ ನಾಲ್ಕು ಹನಿ ಹಾಕಿ ಪೆಟ್ಟಿಗೆಯೊಳಗಿಟ್ಟರೆ ನುಸಿ ಉದುರುತ್ತದೆ. ಮೊದಲಿನಿಂದಲೂ ಹೂವು ಬಾಡಿದ ಮೇಲೆಯೇ ಕೊಯ್ಲು. ಎಣ್ಣೆ ಕಡಿಮೆ ಬಂದರೂ ಹಾಗೆಯೇ ನಡೆದಿತ್ತು. ನನ್ನ ಅಕ್ಕನ ಮಗಳು ಹುಲಿಗೆವ್ವ ಆರು ವರ್ಷ ಗಿಡ ಬಟ್ಟಿ ಇಳಿಸಿ, ಹೂವು ತುಂಬಿದಾಗ ಎಣ್ಣೆ ಎರಡರಷ್ಟೆಂದು ಕಂಡುಹಿಡಿದಳು. ಹೋದ ವರ್ಷ ಎಣ್ಣೆಯ ಶೀಸೆಗಳನ್ನು ಗದಗಿನ ಪರೀಕ್ಷಾಲಯಕ್ಕೆ ಒಯ್ಯುವಾಗ ತನ್ನ ಬರಹವನ್ನು ನನ್ನ ಕೈಗಿಟ್ಟು, "ಮಾಮಾ, ಪೂರ್ತಿ ಓದು. ನಿನ್ನ ಓದು ನನಗೆ ಗೊತ್ತೈತಿ" ಎಂದಳು.

ನಮ್ಮೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವನಿಗೆ ಹೀಗೆ ಹೇಳಬಾರದಿತ್ತು. ನಾನು ಮೊದಲ ಪುಟ ಓದಿದೆ. ಎಣ್ಣೆ ಎರಡರಷ್ಟು ಎಂದಿತ್ತು. ಅವಳು ಬರುವಷ್ಟರಲ್ಲಿ ಪೀಪಾಯಿ ತುಂಬಿಸಿ ತೋರಿಸಬೇಕೆಂದು, ಅರಳಿ ನಿಂತ ಒಂಬತ್ತು ಮೆಟ್ಟಿಲನ್ನೂ ಕೊಯ್ಯಿಸಿದೆ. ಪೀಪಾಯಿ ತುಂಬಿತು. ಮೂರು ಸಾಲಿಗೆ ಎರಡು ಸಾಲು ಜೇನಿಗೆ ಬಿಡಬೇಕು, ಇಲ್ಲದಿದ್ದರೆ ಉಪವಾಸ ಸಾಯುತ್ತವೆ ಎಂಬುದು ಎರಡನೇ ಪುಟದಲ್ಲಿತ್ತು.

ಇಪ್ಪತ್ತು ದಿನಕ್ಕೆ ಪೆಟ್ಟಿಗೆಗಳು ಮೌನವಾದವು. ಸತ್ತ ಹುಳುಗಳನ್ನು ಗುಡಿಸಿ ಐದನೇ ಮೆಟ್ಟಿಲಿನಲ್ಲಿ ಹೂತೆ. ಹುಲಿಗೆವ್ವ ಬಂದು ಕೇಳಿದ್ದು ಒಂದೇ: "ಎಷ್ಟು ಪೆಟ್ಟಿಗಿ ಸತ್ವು ಮಾಮಾ? ಬಡಾಯಿ ಬ್ಯಾಡ."

ಮೂರು ಎಂದೆ. ಉಳಿದವು ಗೂಡು ಬಿಟ್ಟು ಬೆಟ್ಟ ಹತ್ತಿವೆ, ಹೂವಿಗೆ ಮರಳುತ್ತವೆ ಎಂದೆ. ತುಡುವೆ ಹಾಗೆ ಹೋಗುವುದುಂಟು, ಆದ್ದರಿಂದ ನಂಬಿದಳು. ಪೂರ್ತಿ ಕೊಯ್ದರೂ ಸತ್ತದ್ದು ಮೂರೇ ಎಂದರೆ ತನ್ನ ಎಣಿಕೆಯೇ ತಪ್ಪಿತೆಂದು ಎರಡನೇ ಪುಟವನ್ನು ಹೊಡೆದುಹಾಕಿದಳು. ಆ ಬರಹವೀಗ ಏಳು ಊರುಗಳಿಗೆ ಹೋಗಿದೆ. ಇನ್ನು ಹನ್ನೆರಡು ದಿನಕ್ಕೆ ಅಲ್ಲೆಲ್ಲ ಹೂವು ಅರಳುತ್ತದೆ, ಅವರೂ ಪೂರ್ತಿ ಕೊಯ್ಯುತ್ತಾರೆ. ಇವಳು ಮಾತ್ರ ದಿನಾ ಬೆಳಿಗ್ಗೆ ಖಾಲಿ ಪೆಟ್ಟಿಗೆಗಳಿಗೆ ಮೇಣ ಸವರಿ, ಬೆಟ್ಟದ ಕಡೆ ನೋಡುತ್ತ ನಿಲ್ಲುತ್ತಾಳೆ.

ನಿಮ್ಮಲ್ಲಿ ಯಾರಾದರೂ ಈ ಗಿಡದ ಎಣ್ಣೆಯ ಬಗ್ಗೆ ಬರೆಯುತ್ತಿದ್ದರೆ ಒಂದು ಕೋರಿಕೆ: ಎಷ್ಟು ಕೊಯ್ಯಬೇಕೆನ್ನುವ ಮೊದಲು ಎಷ್ಟು ಬಿಡಬೇಕೆಂದು ಬರೆಯಿರಿ, ಅದೂ ಮೊದಲ ಪುಟದಲ್ಲಿ. ನನ್ನಂಥವರು ಎಲ್ಲ ಕಾಲದಲ್ಲೂ ಇರುತ್ತಾರೆ.

ಈ ಕಾಗದವನ್ನು ಹಿಂದಂಚೆಗೆ, ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಗೆ, ಹಾಕುವ ಮುನ್ನ ಊರಿನ ಒಬ್ಬರು ಕೊನೆಯವರೆಗೂ ಓದಿ ರುಜು ಹಾಕಬೇಕೆಂಬುದು ನಿಯಮ. ನಮ್ಮೂರಲ್ಲಿ ಆ ಕೆಲಸ ಹುಲಿಗೆವ್ವನದು. ಅವಳ ಮುಖ ನೋಡಿ ಹೇಳಲಾರದೆ ನಿಮ್ಮ ನೆಪದಲ್ಲಿ ಬರೆದೆ. ನನ್ನನ್ನು ಮನ್ನಿಸಿ.

ಹುಲಿಗೆವ್ವಾ, ರುಜು ಆಮೇಲೆ ಹಾಕು. ಮೊದಲು ಏಳು ಊರಿಗೂ ಸುದ್ದಿ ಕಳಿಸು. ಪೆಟ್ಟಿಗೆಗಳಿಗೆ ಮೇಣ ಸವರುವುದನ್ನು ಬಿಡು, ಬೆಟ್ಟದಲ್ಲಿ ಯಾವುದೂ ಇಲ್ಲ. ಇದ್ದದ್ದು ನಲವತ್ತು. ಸತ್ತದ್ದು ಮೂರಲ್ಲ, ನಲವತ್ತೂ.